ಕೊನೆಯ ಸಾಲಿನ 90 ವ್ಯಾಟ್

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಜನರೇಟರ್ ಆರಿಸಿದೆವು. ಹೀಗೆ ಹೇಳಿದರೆ "ಅದರಲ್ಲೇನಿದೆ ಮಗಾ, ಅಂಗಡಿಗೆ ಹೋಗಿ ತಗೊಂಡು ಬರೋದಲ್ವಾ" ಅಂತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಆರಿಸೋಕೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಒಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು. ಆ ರಾತ್ರಿ ಇರದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ನಾವು ಅಂದರೆ ಇಬ್ಬರು ಇಸಿ, ಒಬ್ಬಳು ಇಇಇ, ಒಬ್ಬ ಮೆಕ್ಯಾನಿಕಲ್. ಮೆಕ್ಯಾನಿಕಲ್‌ನವನ ಚಿಕ್ಕಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಕ್ಯಾರವಾನ್ ಕೊಂಡರು. ಟೆಂಪೋ ಟ್ರಾವೆಲರ್ ಥರದ ಗಾಡಿ. ಒಳಗೆ ಎರಡು ಮಂಚ, ಸಣ್ಣ ಅಡುಗೆಕಟ್ಟೆ, ಫ್ರಿಜ್, ಒಂದು ಟನ್ ಎಸಿ. ಆರ್‌ಸಿಯಲ್ಲೇ ಕ್ಯಾರವಾನ್ ಅಂತ ಇತ್ತು, ಹಾಗಾಗಿ ಆ ಚಿಂತೆ ಇರಲಿಲ್ಲ. ಆದರೆ ಹಳೇ ಮಾಲೀಕರು ಜನರೇಟರ್ ಬಿಚ್ಚಿಕೊಂಡು ಹೋಗಿದ್ದರು. ಡಿಕ್ಕಿಯಲ್ಲಿ ಖಾಲಿ ಜಾಗ, ನಾಲ್ಕು ಬೋಲ್ಟಿನ ತೂತು ಮಾತ್ರ ಉಳಿದಿತ್ತು.

ಚಿಕ್ಕಪ್ಪ ನಮ್ಮನ್ನು ನೋಡಿ, "ನಾಲ್ಕು ಜನ ಇಂಜಿನಿಯರ್ಸ್ ಇದೀರಲ್ರೋ, ಒಂದು ಒಳ್ಳೇ ಜನರೇಟರ್ ಆರಿಸಿಕೊಡಿ" ಅಂದರು. ಸೆಕೆಂಡ್ ಇಯರಿನಲ್ಲಿ ನಮ್ಮನ್ನು ಇಂಜಿನಿಯರ್ಸ್ ಅಂತ ಕರೆದ ಮೊದಲ ಮನುಷ್ಯ ಅವರು. ಆ ಒಂದು ಮಾತಿಗೇ ನಾವು ಉಬ್ಬಿಹೋದೆವು.

ಗಾಡಿ ಕೊಂಡದ್ದು ಚಿಕ್ಕಪ್ಪನ ಶೋಕಿಗೆ ಅಂತ ಊರವರು ಅಂದುಕೊಂಡಿದ್ದರು. ನಿಜವಾದ ಕಾರಣ ನಮ್ಮ ಗೆಳೆಯನ ಅಪ್ಪ. ನಾವೆಲ್ಲ ಅವರನ್ನು ಅಂಕಲ್ ಅಂತೀವಿ. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ವರ್ಷಗಟ್ಟಲೆ ನೈಟ್ ಹಾಲ್ಟ್ ಡ್ಯೂಟಿ ಮಾಡಿದವರು. ಸಂಜೆ ಕೊನೇ ಟ್ರಿಪ್ಪಿಗೆ ಹಳ್ಳಿಗೆ ಬಸ್ ತಗೊಂಡು ಹೋಗಿ, ರಾತ್ರಿ ಸೀಟಿನ ಮೇಲೆ ಮಲಗಿ, ಬೆಳಿಗ್ಗೆ ಮೊದಲನೇ ಬಸ್ ಅದೇ ಊರಿನಿಂದ ಹೊರಡಿಸಬೇಕು. ಕೊಪ್ಪ ಕಡೆಯ ಒಂದು ಹಳ್ಳಿಯಲ್ಲಿ ಮಲಗಿದ್ದಷ್ಟು ರಾತ್ರಿ ಮನೆಯಲ್ಲೂ ಮಲಗಿಲ್ಲ ಅಂತ ಅವರೇ ನಗುತ್ತಾ ಹೇಳುತ್ತಿದ್ದರು. ರಿಟೈರ್ ಆದ ಮೇಲೆ ಅವರಿಗೆ ಸ್ಲೀಪ್ ಆಪ್ನಿಯಾ ಅಂತ ಗೊತ್ತಾಯಿತು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಆಗಾಗ ನಿಂತುಹೋಗುವ ತೊಂದರೆ ಅದು. ರಾತ್ರಿ ಸಿಪ್ಯಾಪ್ ಮಷಿನ್ ಬೇಕು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸ್ವಲ್ಪ ಒತ್ತಡದಲ್ಲಿ, ಮುಖದ ಮಾಸ್ಕ್ ಮೂಲಕ ಒಳಗೆ ಕಳಿಸುತ್ತದೆ. ಮಷಿನ್ ಬಂದ ಮೇಲೆ ಅಂಕಲ್ ಮನೆ ಬಿಟ್ಟು ಎಲ್ಲೂ ಮಲಗಿರಲಿಲ್ಲ. ಮದುವೆಗೆ ಹೋದರೂ ರಾತ್ರಿ ಬಸ್ಸಿಗೇ ವಾಪಸ್. ಕರೆಂಟ್ ಹೋದರೆ ಅನ್ನೋ ಭಯ.

ಆ ಹಳ್ಳಿಯಲ್ಲಿ ಇನ್ನೊಂದು ರಾತ್ರಿ ಮಲಗಬೇಕು ಅನ್ನೋದು ಅವರ ಆಸೆ. ಜನರೇಟರ್ ಬೇಕಾದದ್ದು ಅದಕ್ಕೆ.

ಮೊದಲು ನಾವು ಮಾಡಿದ್ದು ಎಲ್ಲ ಇಂಜಿನಿಯರಿಂಗ್ ಸ್ಟೂಡೆಂಟ್ಸ್ ಮಾಡುವ ಕೆಲಸ: ಎಕ್ಸೆಲ್ ಶೀಟ್ ತೆರೆದೆವು. ಎಸಿ 1,200 ವ್ಯಾಟ್. ಇಂಡಕ್ಷನ್ ಸ್ಟೋವ್ 2,000. ಇನ್‌ಸ್ಟಂಟ್ ಗೀಸರ್ 3,000. ಮಿಕ್ಸಿ 750. ಫ್ರಿಜ್ 150. ಟಿವಿ 80. ಲೈಟು, ಫ್ಯಾನು, ಮೊಬೈಲ್ ಎಲ್ಲಾ ಸೇರಿ 150. ಕೊನೆಯ ಸಾಲಿನಲ್ಲಿ ಸಿಪ್ಯಾಪ್. ಅಡಾಪ್ಟರ್ ಮೇಲೆ ಬರೆದಿದ್ದ ಹಾಗೆ 90 ವ್ಯಾಟ್. ಒಟ್ಟು 7,420. ಪವರ್ ಫ್ಯಾಕ್ಟರ್ 0.8 ಹಿಡಿದು ಭಾಗಿಸಿದರೆ 9.3 ಕೆವಿಎ ಆಸುಪಾಸು. "ಸೇಫ್ ಆಗಿರ್ಲಿ, 10 ಕೆವಿಎ" ಅಂತ ಕೆಳಗೆ ಬರೆದು ಹಳದಿ ಬಣ್ಣ ಹಚ್ಚಿದೆವು.

ಯೂಟ್ಯೂಬ್ ನೋಡಿದ್ದೂ ಆಯಿತು. ಅಲ್ಲಿ ಎಲ್ಲಾ ಅಮೆರಿಕದ ಆರ್‌ವಿಗಳೇ. ನಮ್ಮ ಬಿಎಂಟಿಸಿ ಬಸ್ಸಿನಷ್ಟು ಉದ್ದದ ಮನೆಗಳು, ಚಾವಣಿ ಮೇಲೆ 13,500 ಬಿಟಿಯು ಎಸಿ, ಹೊಟ್ಟೆಯೊಳಗೆ ಕೂರಿಸಿದ 5,500 ವ್ಯಾಟಿನ ಓನಾನ್ ಜನರೇಟರ್. ಅವರದ್ದು 120 ವೋಲ್ಟ್, 60 ಹರ್ಟ್ಸ್. 30 ಆಂಪ್ ಕನೆಕ್ಷನ್ ಅಂದರೆ 3,600 ವ್ಯಾಟ್. ನಮ್ಮ 230 ವೋಲ್ಟ್, 50 ಹರ್ಟ್ಸಿಗೆ ಅವರ ಮಾಡೆಲ್ ನಂಬರ್‌ಗಳು ಹೊಂದುವುದಿಲ್ಲ ಅಂತ ನಮ್ಮ ಇಇಇ ಗೆಳತಿ ಎರಡನೇ ದಿನವೇ ಹೇಳಿದಳು. ಆದರೂ ನಾವು ವಿಡಿಯೋ ನೋಡುವುದು ಬಿಡಲಿಲ್ಲ. ದೊಡ್ಡ ಜನರೇಟರ್ ನೋಡೋಕೆ ಒಂಥರಾ ಖುಷಿ.

ನಮ್ಮ ಏರಿಯಾದಲ್ಲಿ ಮದುವೆ, ಆರ್ಕೆಸ್ಟ್ರಾ, ಗಣೇಶನ ಪೆಂಡಾಲಿಗೆ ಜನರೇಟರ್ ಬಾಡಿಗೆಗೆ ಕೊಡುವ ಒಬ್ಬ ಅಣ್ಣ ಇದ್ದಾರೆ. ಶೀಟ್ ಪ್ರಿಂಟ್ ಹಾಕಿಸಿಕೊಂಡು ಅವರ ಹತ್ತಿರ ಹೋದೆವು. ಅವರು ಅದನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ: "ಎಲ್ಲಾ ಒಟ್ಟಿಗೆ ಹಾಕ್ತೀರಾ ತಮ್ಮಾ?"

ನಾವು ಮುಖ ಮುಖ ನೋಡಿಕೊಂಡೆವು.

"ಸ್ನಾನ ಮಾಡ್ತಾ ಮಿಕ್ಸಿ ತಿರುಗಿಸ್ತೀರಾ? ಹತ್ತು ಕೆವಿಎ ಅಂದ್ರೆ ನಾನು ಕಲ್ಯಾಣ ಮಂಟಪಕ್ಕೆ ಆಟೋ ಟ್ರಾಲಿ ಮೇಲೆ ಕಳಿಸ್ತೀನಿ. ಅದನ್ನ ಈ ಗಾಡೀಲಿ ಎಲ್ಲಿ ಇಡ್ತೀರಾ, ಡ್ರೈವರ್ ತೊಡೆ ಮೇಲಾ?"

ಆಮೇಲೆ ಅವರು ಹೇಳಿದ್ದು ನಮ್ಮ ಮಷಿನ್ಸ್ ನೋಟ್ಸಿಗಿಂತ ಚೆನ್ನಾಗಿ ತಲೆಗೆ ಹತ್ತಿತು. ಲೋಡಿನಲ್ಲಿ ಎರಡು ಥರ: ಎತ್ತೋ ಲೋಡು, ಹೊರೋ ಲೋಡು. ಅಕ್ಕಿ ಮೂಟೆ ನೆಲದಿಂದ ಎತ್ತುವಾಗ ಬೇಕಾದ ಬಲವೇ ಬೇರೆ, ಹೆಗಲ ಮೇಲೆ ಕೂತ ಮೇಲೆ ಬೇಕಾದ ಬಲವೇ ಬೇರೆ. ಎಸಿ, ಫ್ರಿಜ್, ಪಂಪು, ಅಂದರೆ ಮೋಟಾರ್ ಇರುವ ಎಲ್ಲದಕ್ಕೂ ಎತ್ತೋ ಲೋಡು ಇದೆ. ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಬಲ್ಬಿಗೆ, ಗೀಸರ್‌ಗೆ ಅದಿಲ್ಲ. ನಾವು ಇಂಗ್ಲಿಷಿನಲ್ಲಿ ಸ್ಟಾರ್ಟಿಂಗ್ ಸರ್ಜ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಎತ್ತೋ ಲೋಡು ಅನ್ನೋ ಮಾತು ಕೇಳಿದ ದಿನ ಅದು ಅರ್ಥವಾಯಿತು.

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಹಾಕುವ ನಂಬರ್ ನೋಡಬೇಡಿ ಅಂತಲೂ ಅಣ್ಣ ಹೇಳಿದರು. ಅದು ಮ್ಯಾಕ್ಸಿಮಮ್, ಸ್ವಲ್ಪ ಹೊತ್ತು ಮಾತ್ರ ತಡೆಯುವ ಶಕ್ತಿ. ಗಂಟೆಗಟ್ಟಲೆ ಕೊಡಬಲ್ಲದ್ದು ರೇಟೆಡ್, ಅದನ್ನು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಅಮೆರಿಕದ ಆರ್‌ವಿಯವರು ಬಹಳ ಇಷ್ಟಪಡುವ ಹೋಂಡಾ ಇಯು2200ಐ ಮಾಡೆಲನ್ನೇ ತಗೊಳ್ಳಿ. ಹೆಸರಿನಲ್ಲಿರುವ 2,200 ವ್ಯಾಟ್ ಮ್ಯಾಕ್ಸಿಮಮ್, ಸತತವಾಗಿ ಕೊಡುವುದು 1,800.

ಟ್ರಯಲ್ ನೋಡೋಕೆ ಅಂತ ಅಣ್ಣ 2.5 ಕೆವಿಎಯ ಒಂದು ಮಾಮೂಲಿ ಪೆಟ್ರೋಲ್ ಜನರೇಟರ್ ಕೊಟ್ಟರು. ಕೊಡುವಾಗ "ಗಾಡಿಯಿಂದ ದೂರ ಇಡಿ" ಅಂದಿದ್ದರು. ಸದ್ದಿನ ಕಾರಣಕ್ಕೆ ಹೇಳಿದ್ದು ಅಂತ ನಾವು ತಿಳಿದೆವು.

ನವೆಂಬರಿನ ಒಂದು ಶನಿವಾರ ಸಂಜೆ, ಗೆಳೆಯನ ಮನೆಯ ಪಕ್ಕದ ಸೈಟಿನಲ್ಲಿ ಗಾಡಿ ನಿಲ್ಲಿಸಿ ಟ್ರಯಲ್ ಶುರು ಮಾಡಿದೆವು. ಜನರೇಟರನ್ನು ಗಾಡಿಯ ಹಿಂದೆ, ಮಂಚದ ಕಿಟಕಿಯ ಕೆಳಗೆ ಇಟ್ಟೆವು. ಒಂದು ಮೀಟರ್ ದೂರವೂ ಇರಲಿಲ್ಲ. ಅದರ ಹಿಂದೆ ಕಾಂಪೌಂಡ್ ಗೋಡೆ. ಉದ್ದ ಕೇಬಲ್ ಹಾಕಿದರೆ ವೋಲ್ಟೇಜ್ ಡ್ರಾಪ್ ಆಗುತ್ತದೆ ಅನ್ನೋದು ನಮ್ಮ ವಾದ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಮೊದಲು ಎಸಿ ಹಾಕಿದೆವು. ಜನರೇಟರ್ ಒಂದು ಸಲ ಹೂಂ ಅಂತ ನರಳಿತು, ಲೈಟು ಮಂಕಾಯಿತು, ಎಂಜಿನ್ ನಿಂತೇ ಹೋಯಿತು. ಎತ್ತೋ ಲೋಡು! ಎಸಿ ಬಿಟ್ಟು ಮತ್ತೆ ಶುರು ಮಾಡಿ ಫ್ರಿಜ್, ಲೈಟು, ಸಿಪ್ಯಾಪ್ ಹಾಕಿದೆವು. ಎಲ್ಲಾ ಚೆನ್ನಾಗಿ ನಡೆಯಿತು. ಅಂಕಲ್ ಖುಷಿಯಿಂದ ಒಳಗೆ ಹೋಗಿ ಮಾಸ್ಕ್ ಹಾಕಿಕೊಂಡು ಮಲಗಿದರು. ಸೊಳ್ಳೆ, ಸದ್ದು ಎರಡೂ ಇದ್ದದ್ದರಿಂದ ಬಾಗಿಲು ಹಾಕಿದೆವು. ಹಿಂದಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ಬೆರಳಗಲದ ಸಂದು ಇತ್ತು. ನಾವು ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು.

ನಮ್ಮ ಇಬ್ಬರು ಇಸಿಯವರ ಮಿನಿ ಪ್ರಾಜೆಕ್ಟ್ ಗ್ಯಾಸ್ ಸೆನ್ಸರ್ ಮೇಲೆ ಇತ್ತು. ಆರ್ಡುಯಿನೋ ಜೊತೆ ಒಂದು ಎಂಕ್ಯು-7 ಸೆನ್ಸರ್, ಕಾರ್ಬನ್ ಮಾನಾಕ್ಸೈಡ್ ಗುರುತಿಸೋದು. ಸುಮ್ಮನೆ ಶೋಗೆ ಅಂತ ಅದನ್ನು ಗಾಡಿಯೊಳಗೆ ಇಟ್ಟು, ವೈರ್ ಹೊರಗೆ ಎಳೆದು ಲ್ಯಾಪ್‌ಟಾಪಿಗೆ ಕೊಟ್ಟಿದ್ದರು. ಕ್ಯಾಲಿಬ್ರೇಟ್ ಮಾಡಿರಲಿಲ್ಲ. ಹಾಗಾಗಿ ಸ್ಕ್ರೀನ್ ಮೇಲಿನ ನಂಬರಿಗೆ ಅರ್ಥವಿರಲಿಲ್ಲ. ಗೆರೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಅಷ್ಟೇ.

ಗೆರೆ ಮೇಲೆ ಹೋಗತೊಡಗಿತು. ನಿಲ್ಲಲಿಲ್ಲ.

ಆಗ ನಾವು ಮಾಡಿದ ಕೆಲಸ ಏನು ಗೊತ್ತಾ? ಸೆನ್ಸರ್ ಸರಿ ಇಲ್ಲ ಅಂತ ವಾದ ಮಾಡಿದ್ದು. ಹೀಟರ್ ಬಿಸಿಯಾಗಿ ಡ್ರಿಫ್ಟ್ ಆಗ್ತಿದೆ ಅಂದ ಒಬ್ಬ. ಜನರೇಟರ್ ಸಪ್ಲೈ ನಾಯ್ಸ್ ಇರಬೇಕು ಅಂದ ಇನ್ನೊಬ್ಬ. ಲೂಸ್ ಕಾಂಟ್ಯಾಕ್ಟ್ ಅಂದ ಮತ್ತೊಬ್ಬ. ನಾಲ್ಕೈದು ನಿಮಿಷ ಹೀಗೇ ಹೋಯಿತು. ಇಇಇ ಗೆಳತಿ ಮಾತಾಡದೆ ಎದ್ದು ಹೋಗಿ ಜನರೇಟರ್ ಆಫ್ ಮಾಡಿ, ಗಾಡಿಯ ಬಾಗಿಲು ಪೂರ್ತಿ ತೆರೆದಳು.

ಮಷಿನ್ ನಿಂತದ್ದಕ್ಕೆ ಅಂಕಲ್ ಎಚ್ಚರವಾಗಿ ಮಾಸ್ಕ್ ತೆಗೆದರು. ಕೆಳಗಿಳಿಯುವಾಗ ಹ್ಯಾಂಡಲ್ ಹಿಡಿದು ಒಂದು ಕ್ಷಣ ನಿಂತರು. "ತಲೆ ಯಾಕೋ ಭಾರ ಕಣ್ರೋ" ಅಂದರು. ಅವರು ಒಳಗಿದ್ದದ್ದು ಇಪ್ಪತ್ತೈದು ನಿಮಿಷ.

ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸಿತು. ನಾವು ಉಸಿರು ಬಿಟ್ಟೆವು. ಡ್ಯೂಟಿ ಡಾಕ್ಟರ್ ಮಾತ್ರ ತಲೆ ಅಲ್ಲಾಡಿಸಿದರು. ಮಾಮೂಲಿ ಆಕ್ಸಿಮೀಟರ್ ರಕ್ತಕ್ಕೆ ಬೆಳಕು ಹಾಯಿಸಿ ಬಣ್ಣ ನೋಡುತ್ತದೆ. ಹಿಮೋಗ್ಲೋಬಿನ್ ಹಿಡಿದುಕೊಂಡಿರುವುದು ಆಮ್ಲಜನಕವನ್ನೋ ಕಾರ್ಬನ್ ಮಾನಾಕ್ಸೈಡನ್ನೋ ಅಂತ ಅದಕ್ಕೆ ಬೇರೆ ಮಾಡೋಕೆ ಬರುವುದಿಲ್ಲ. ಎರಡೂ ಕೆಂಪಗೇ ಕಾಣುತ್ತವೆ. ಆ ಅನಿಲ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಪ್ರಮಾಣ ಏರಿತ್ತು, ಅಪಾಯದ ಮಟ್ಟ ಮುಟ್ಟಿರಲಿಲ್ಲ. ಆಕ್ಸಿಜನ್ ಕೊಟ್ಟು, ನಡುರಾತ್ರಿ ದಾಟಿದ ಮೇಲೆ ಮನೆಗೆ ಕಳಿಸಿದರು.

"ಸಿಪ್ಯಾಪ್ ಹಾಕಿದ್ರಾ?" ಅಂತ ಡಾಕ್ಟರ್ ಕೇಳಿದರು. ಹೌದು ಅಂದೆವು. "ಅದರ ಫಿಲ್ಟರ್ ಧೂಳು ಹಿಡಿಯುತ್ತೆ, ಈ ಗ್ಯಾಸ್ ಹಿಡಿಯಲ್ಲ. ಒಳಗಿರೋ ಗಾಳಿ ಎಂಥದ್ದೋ ಅಂಥದ್ದನ್ನೇ ಮೂಗಿಗೆ ತಂದು ಕೊಡುತ್ತೆ."

ಆಂಟಿ ನಮ್ಮನ್ನು ಬೈಯಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಇಷ್ಟೇ ಹೇಳಿದರು: "ಆ ಮಷಿನ್ ತಂದಿದ್ದೇ ಉಸಿರಾಡೋಕೆ ಅಲ್ವೇನಪ್ಪಾ?"

ಮರುದಿನ ಅಂಕಲ್ ಹತ್ತಿರ ಸಾರಿ ಕೇಳೋಕೆ ಹೋದೆವು. ಅವರು ಕಾಫಿ ಕುಡಿಯುತ್ತಾ ಕೂತಿದ್ದರು. "ಎಂಜಿನ್ ಆನ್ ಇಟ್ಕೊಂಡು ಬಾಗಿಲು ಹಾಕಿ ಗಾಡೀಲಿ ಮಲಗಬಾರದು ಅಂತ ನಂಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಹಿರಿಯ ಡ್ರೈವರ್‌ಗಳು ಹೇಳಿಕೊಟ್ಟಿದ್ರು" ಅಂದರು. ಮತ್ತೆ ಯಾಕೆ ಸುಮ್ಮನಿದ್ರಿ ಅಂತ ಮಗನೇ ಕೇಳಿದ. ಅಂಕಲ್ ಲೋಟ ಕೆಳಗಿಟ್ಟರು. "ನೀವು ಇಂಜಿನಿಯರ್‌ಗಳು ಇದೀರಲ್ಲ, ನಿಮಗೆ ಗೊತ್ತಿಲ್ದೆ ಇರುತ್ತಾ ಅಂದ್ಕೊಂಡೆ."

ಈ ಮಾತು ಬೈಗುಳಕ್ಕಿಂತ ಜೋರಾಗಿ ತಗಲಿತು. ಇಂಜಿನಿಯರ್ಸ್ ಅಂತ ಕರೆಸಿಕೊಂಡು ಉಬ್ಬಿದವರು ನಾವೇ ತಾನೇ.

ಹಾಸ್ಟೆಲಿಗೆ ಬಂದು ಮೊದಲು ಆ ವೋಲ್ಟೇಜ್ ಡ್ರಾಪ್ ಲೆಕ್ಕ ಹಾಕಿದೆವು. 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್, 10 ಮೀಟರ್ ಉದ್ದ. ಹೋಗಿ ಬರುವ ದಾರಿ ಸೇರಿ 20 ಮೀಟರ್, ರೆಸಿಸ್ಟೆನ್ಸ್ ಸುಮಾರು 0.15 ಓಮ್. 7 ಆಂಪ್ ಹರಿದರೆ ಬೀಳುವ ವೋಲ್ಟೇಜ್ ಸುಮಾರು 1 ವೋಲ್ಟ್. 230ರಲ್ಲಿ ಒಂದು. ಅದೂ ಎಸಿ ಓಡಿದರೆ ಮಾತ್ರ. ಒಂದೇ ನಿಮಿಷದ ಲೆಕ್ಕ ಅದು, ಓಮ್ಸ್ ಲಾ. ಲೆಕ್ಕ ಹಾಕದೆ, ಪುಸ್ತಕದಲ್ಲಿ ಕೇಳಿದ ಒಂದು ಪದ ಹಿಡಿದುಕೊಂಡು ಜನರೇಟರನ್ನು ಕಿಟಕಿ ಕೆಳಗೆ ಇಟ್ಟಿದ್ದೆವು. ನಿಜ ಹೇಳಬೇಕೆಂದರೆ ದೂರ ಹೊತ್ತುಕೊಂಡು ಹೋಗೋಕೆ ಸೋಮಾರಿತನ. ಅದಕ್ಕೊಂದು ಟೆಕ್ನಿಕಲ್ ಹೆಸರು ಕೊಟ್ಟೆವು ಅಷ್ಟೆ.

ಆಮೇಲೆ ಹಳದಿ ಬಣ್ಣ ಹಚ್ಚಿದ್ದ ಶೀಟ್ ಡಿಲೀಟ್ ಮಾಡಿ, ಕೊನೆಯ ಸಾಲಿನಿಂದ ಶುರು ಮಾಡಿದೆವು. ಈ ಗಾಡಿಯಲ್ಲಿ ರಾತ್ರಿ ಯಾವುದು ನಿಲ್ಲಲೇಬಾರದು? ಸಿಪ್ಯಾಪ್ ಒಂದೇ. ಅಡಾಪ್ಟರ್ ಮೇಲಿನ 90 ವ್ಯಾಟ್ ಅದರ ಗರಿಷ್ಠ ಮಿತಿ. ಪ್ಲಗ್ಗಿಗೆ ಮೀಟರ್ ಹಾಕಿ ಅಂಕಲ್ ಮನೆಯಲ್ಲಿ ಮೂರು ರಾತ್ರಿ ಅಳೆದೆವು. ಎಂಟು ಗಂಟೆಗೆ 0.3 ಯೂನಿಟ್ ಆಸುಪಾಸು, ಅಂದರೆ ಸರಾಸರಿ 40 ವ್ಯಾಟಿಗಿಂತ ಕಡಿಮೆ. 40 ವ್ಯಾಟಿಗೆ ರಾತ್ರಿಯಿಡೀ ಎಂಜಿನ್ ಓಡಿಸುವುದು ಸೊಳ್ಳೆ ಹೊಡೆಯೋಕೆ ಜೆಸಿಬಿ ತಂದ ಹಾಗೆ. ಅದಕ್ಕೆ ಬೇಕಾದದ್ದು ಬ್ಯಾಟರಿ.

ಮನೆ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಮೊದಲು ನೆನಪಾಯಿತು. ಅಗ್ಗ. ಆದರೆ 150 ಆಂಪ್ ಅವರ್‌ನದ್ದು 50 ಕೆಜಿ ದಾಟುತ್ತದೆ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಸ್ಸು ಕಮ್ಮಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಗಾಡಿಯಲ್ಲಿ ಇನ್ನೊಂದು ಗ್ಯಾಸ್ ನಮಗೆ ಬೇಡವಾಗಿತ್ತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 100 ಆಂಪ್ ಅವರ್, ಅಂದರೆ 1,280 ವ್ಯಾಟ್ ಅವರ್. ಅಂಕಲ್‌ರ ಒಂದು ರಾತ್ರಿಗೆ ಅದರ ಕಾಲು ಭಾಗ ಸಾಕು. ಮಷಿನ್ ನಿಜವಾಗಿ ಓಡುವುದು 24 ವೋಲ್ಟ್ ಡಿಸಿ ಮೇಲೆ. ಹಾಗಾಗಿ ಬ್ಯಾಟರಿಯನ್ನು 230 ವೋಲ್ಟ್ ಎಸಿ ಮಾಡಿ ಮತ್ತೆ ಡಿಸಿ ಮಾಡುವ ಸುತ್ತು ಬೇಡ; ಮಷಿನ್ ಕಂಪನಿಯವರೇ ಕೊಡುವ ಡಿಸಿ ಕನ್ವರ್ಟರ್ ಸಿಗುತ್ತದೆ. ಗಾಡಿ ಓಡುವಾಗ ಆಲ್ಟರ್ನೇಟರಿನಿಂದ 30 ಆಂಪಿನ ಚಾರ್ಜರ್ ಮೂಲಕ ತುಂಬಿಸಿದರೆ, ಒಂದು ಗಂಟೆ ಪ್ರಯಾಣದಲ್ಲಿ ಒಂದು ರಾತ್ರಿಯ ಖರ್ಚು ವಾಪಸ್ ಬರುತ್ತದೆ.

ಹಾಗಾದರೆ ಜನರೇಟರ್ ಬೇಡವೇ ಬೇಡವಾ? ಎರಡು ದಿನ ಒಂದೇ ಕಡೆ ಗಾಡಿ ನಿಂತರೆ ಬ್ಯಾಟರಿ ತುಂಬಿಸೋಕೆ ಬೇಕು. ಹಗಲು ಮಿಕ್ಸಿಗೆ, ಫ್ರಿಜ್ಜಿಗೆ ಬೇಕು. ಅಷ್ಟು ಸಾಕು. ಗೀಸರ್, ಇಂಡಕ್ಷನ್ ಪಟ್ಟಿಯಿಂದ ತೆಗೆದೆವು. ಎಸಿ ತೆಗೆದಾಗ ಚಿಕ್ಕಪ್ಪನ ಮುಖ ಸಣ್ಣದಾಯಿತು. "ಎಸಿ ಓಡದ ಕ್ಯಾರವಾನ್ ಏನ್ ಕ್ಯಾರವಾನ್ರೋ?" ಪ್ಲಗ್ ಸಿಗುವ ಕಡೆ ಓಡಿಸಿ ಅಂದೆವು. ಜನವರಿಯಲ್ಲಿ ಕೊಪ್ಪಕ್ಕೆ ಹೋಗುವವರಿಗೆ ಎಸಿ ಯಾಕೆ ಅಂತ ಅಂಕಲ್ ನಮ್ಮ ಪರವಾಗಿ ಮಾತಾಡಿದರು.

ಇನ್ನು ಮಾಡೆಲ್. ಮಾಮೂಲಿ ಜನರೇಟರ್‌ನಲ್ಲಿ ಎಂಜಿನ್ನಿನ ವೇಗವೇ ಕರೆಂಟಿನ ಫ್ರೀಕ್ವೆನ್ಸಿ. ಎರಡು ಪೋಲ್ ಇದ್ದರೆ 50 ಹರ್ಟ್ಸಿಗೆ 3,000 ಆರ್‌ಪಿಎಂ ತಿರುಗಲೇಬೇಕು, ನೀವು ಒಂದು ಮೊಬೈಲ್ ಚಾರ್ಜಿಗೆ ಹಾಕಿದ್ದರೂ ಸರಿ. ಇನ್ವರ್ಟರ್ ಜನರೇಟರ್‌ನಲ್ಲಿ ಬಂದ ಕರೆಂಟನ್ನು ಡಿಸಿ ಮಾಡಿ, ಎಲೆಕ್ಟ್ರಾನಿಕ್ಸ್ ಮೂಲಕ ಮತ್ತೆ 50 ಹರ್ಟ್ಸಿನ ಎಸಿ ಮಾಡುತ್ತಾರೆ. ಲೋಡ್ ಕಮ್ಮಿಯಾದರೆ ಎಂಜಿನ್ ನಿಧಾನವಾಗುತ್ತದೆ. ಸದ್ದೂ ಕಮ್ಮಿ, ಪೆಟ್ರೋಲೂ ಕಮ್ಮಿ. ಅಂಗಡಿಯಲ್ಲಿ ಹೇಳಿದ ಬೆಲೆ ಹೆಚ್ಚುಕಮ್ಮಿ ಎರಡರಷ್ಟು. ಸದ್ದು ಸಣ್ಣ ವಿಷಯ ಅಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಅಡಿ ದೂರದಲ್ಲಿ 60 ಡೆಸಿಬಲ್ ಮೀರುವ ಹಾಗೆ ಜನರೇಟರ್ ಓಡಿಸಬಾರದು ಅಂತ ನಿಯಮವೇ ಇದೆ. ನಮ್ಮ ಮಲೆನಾಡಿನ ಹಳ್ಳಿಗೆ ಅಂಥ ಬೋರ್ಡ್ ಇಲ್ಲದಿರಬಹುದು, ಅಲ್ಲೂ ಜನ ಮಲಗುತ್ತಾರೆ.

ಎತ್ತರದ ಲೆಕ್ಕವೂ ಇದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ ಪೆಟ್ರೋಲ್ ಎಂಜಿನ್ನಿನ ಶಕ್ತಿ ಇಳಿಯುತ್ತದೆ, 300 ಮೀಟರಿಗೆ ಸುಮಾರು 3.5 ಪರ್ಸೆಂಟ್. ಚಿಕ್ಕಮಗಳೂರು 1,000 ಮೀಟರ್ ಎತ್ತರದ ಊರು. ಅಲ್ಲಿಗೆ ಶೇಕಡ 12ರಷ್ಟು ಹೋಯಿತು ಅಂತಲೇ ಹಿಡಿಯಬೇಕು. ರೇಟೆಡ್ 1.6 ಕಿಲೋವ್ಯಾಟ್ ಇದ್ದರೆ ಅಲ್ಲಿ ಸಿಗುವುದು 1.4. 750 ವ್ಯಾಟಿನ ಮಿಕ್ಸಿಯನ್ನು ಎತ್ತೋಕೆ, ಜೊತೆಗೆ 300 ವ್ಯಾಟಿನ ಚಾರ್ಜರ್ ಹೊರೋಕೆ ಅಷ್ಟು ಸಾಕು. ತೂಕ 20 ಕೆಜಿ ಸುತ್ತಮುತ್ತ. ಡಿಕ್ಕಿಯ ಬೋಲ್ಟ್ ತೂತಿಗೆ ಏನನ್ನೂ ಕೂರಿಸಲಿಲ್ಲ. ಗಾಡಿಯನ್ನು ಕತ್ತರಿಸಿ ಬದಲಾಯಿಸುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಅನ್ನೋದು ಒಂದು ಕಾರಣ. ಕೂರಿಸಿದರೆ ಮುಂದೆ ಯಾರಾದರೂ ಅಲ್ಲೇ ಸ್ಟಾರ್ಟ್ ಮಾಡುತ್ತಾರೆ ಅನ್ನೋದು ಇನ್ನೊಂದು. ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದೇ ಬೇಕು ಅಂತ ನಿಶ್ಚಯಿಸಿದೆವು.

ಡಿಕ್ಕಿ ಬಾಗಿಲ ಒಳಗೆ ನಾವೇ ಕನ್ನಡದಲ್ಲಿ ಬರೆದು ಅಂಟಿಸಿದ ಚೀಟಿ ಇದು: ಗಾಡಿಯಿಂದ ಕನಿಷ್ಠ 6 ಮೀಟರ್ ದೂರ. ಹೊಗೆ ಗಾಡಿಯ ಕಡೆಗೆ, ಗೋಡೆಯ ಕಡೆಗೆ ತಿರುಗಿರಬಾರದು. ಒಳಗೆ ಯಾರಾದರೂ ಮಲಗಿದ್ದರೆ ಸ್ಟಾರ್ಟ್ ಮಾಡಬಾರದು. ಎಂಜಿನ್ ಬಿಸಿ ಇರುವಾಗ ಪೆಟ್ರೋಲ್ ಹಾಕಬಾರದು. ಮಂಚದ ಪಕ್ಕದಲ್ಲಿ ಬ್ಯಾಟರಿಯಿಂದ ಓಡುವ, ಕಂಪನಿಯವರು ಕ್ಯಾಲಿಬ್ರೇಟ್ ಮಾಡಿದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿದೆವು. ನಮ್ಮ ಆರ್ಡುಯಿನೋವನ್ನು ಅದರ ಜಾಗಕ್ಕೆ ಹಾಕಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಜನವರಿಯಲ್ಲಿ ಎಕ್ಸಾಮ್ ಮುಗಿದ ಮೇಲೆ ಹೊರಟೆವು. ಹಾಸನ, ಬೇಲೂರು, ಚಿಕ್ಕಮಗಳೂರು ದಾಟಿ, ಬಾಳೆಹೊನ್ನೂರಿನ ಮೇಲೆ ಕೊಪ್ಪದ ಕಡೆ. ಸಂಜೆಗೆ ಆ ಹಳ್ಳಿ ಸೇರಿದೆವು. ಬಸ್ ತಿರುಗಿಸುವ ಜಾಗದ ಪಕ್ಕದಲ್ಲಿ ಒಂದು ಅಂಗಡಿ. ಅಂಗಡಿಯ ಅಜ್ಜಿ ಅಂಕಲ್ ಮುಖ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, "ಲಾಸ್ಟ್ ಬಸ್ಸಿನ ಡ್ರೈವರಲ್ದಾ ನೀವು?" ಅಂದರು. ಅಂಕಲ್ ಉತ್ತರ ಕೊಡೋಕೆ ಸ್ವಲ್ಪ ಹೊತ್ತು ಹಿಡಿಯಿತು.

ರಾತ್ರಿ ಹತ್ತಕ್ಕೆ ಊರಿನ ಕರೆಂಟ್ ಹೋಯಿತು. ಎಲ್ಲಾ ಕಡೆ ಕತ್ತಲೆ. ಜನರೇಟರ್ ಡಿಕ್ಕಿಯಲ್ಲಿ ಸುಮ್ಮನೆ ಕೂತಿತ್ತು. ಗಾಡಿಯೊಳಗೆ ಅಂಕಲ್ ಮಲಗಿದ್ದರು. ಮಷಿನ್ನಿನ ಸಣ್ಣ ಸುಯ್ ಸದ್ದು ಮಾತ್ರ. ನಾವು ಪಕ್ಕದ ಮನೆಯ ಜಗಲಿಯಲ್ಲಿ ಮಲಗಿದ್ದೆವು, ಅಂದರೆ ಮಲಗಲಿಲ್ಲ. ಗಂಟೆಗೊಬ್ಬರು ಎದ್ದು ಹೋಗಿ ಕಿಟಕಿಗೆ ಕಿವಿ ಕೊಟ್ಟು ಆ ಸದ್ದು ಕೇಳಿಸಿಕೊಂಡು ಬಂದೆವು. ಯಾರೂ ಯಾರಿಗೂ ಹೇಳಿರಲಿಲ್ಲ, ಎಲ್ಲರೂ ಹೋಗಿದ್ದೆವು.

ಬೆಳಿಗ್ಗೆ ಬ್ಯಾಟರಿ ಮೀಟರ್ 68 ಪರ್ಸೆಂಟ್ ತೋರಿಸುತ್ತಿತ್ತು. ಅಂಕಲ್ ಐದೂವರೆಗೇ ಎದ್ದು, ಶಾಲು ಹೊದ್ದುಕೊಂಡು ಹೊರಗೆ ನಿಂತು, ಮೊದಲನೇ ಬಸ್ ಹೊರಡುವುದನ್ನು ನೋಡುತ್ತಿದ್ದರು. ಹೊಸ ಡ್ರೈವರ್ ಹಾರ್ನ್ ಹೊಡೆದ. ಅಂಕಲ್ ಕೈ ಎತ್ತಿದರು.

"ನಿದ್ದೆ ಬಂತಾ ಅಂಕಲ್?" ಅಂತ ಕೇಳಿದೆವು.

"ಚೆನ್ನಾಗಿ ಬಂತು. ನೀವ್ಯಾಕ್ರೋ ರಾತ್ರಿಯೆಲ್ಲಾ ಗಾಡಿ ಸುತ್ತ ಓಡಾಡ್ತಿದ್ರಿ?"